ಕಂಬದ ಅಳತೆಗೆ ನಿಂತವಳು

ನಮ್ಮ ಮುತ್ತಜ್ಜಿಯ ಫೋಟೋ ಇರುವುದು ಒಂದೇ. ಅದೂ ನಮ್ಮ ಮನೆಯಲ್ಲಿಲ್ಲ, ಪಾಳುಗುಡಿಗಳ ಬಗ್ಗೆ ಬರೆದ ದಪ್ಪ ಪುಸ್ತಕವೊಂದರಲ್ಲಿದೆ. ಅದರಲ್ಲಿ ಆಕೆ ಕೆಂಡಾಮಂಡಲವಾಗಿ ನಿಂತಿದ್ದಾಳೆ.

ಆಕೆ ಹಗ್ಗ ಹೊಸೆಯುವವಳು. ಆ ಕೆಲಸಕ್ಕೆ ಉದ್ದನೆಯ ನೆರಳು ಬೇಕು. ಸೂರು ಅರ್ಧ ಕುಸಿದ ಹಳೆಯ ಗುಡಿಯ ಕಂಬಸಾಲು ಹೇಳಿ ಮಾಡಿಸಿದಂತಿತ್ತು. ನಾರಿನ ತುದಿಯನ್ನು ಕಂಬಕ್ಕೆ ಕಟ್ಟಿ, ಹೊಸೆಯುತ್ತ ಹಿಂದುಹಿಂದಕ್ಕೆ ನಡೆಯುವುದೇ ಅವಳ ಬದುಕು. ಗಂಡ ಹೋದ ಮೇಲೆ ಮಗಳನ್ನು, ಅಂದರೆ ನಮ್ಮಜ್ಜಿಯನ್ನು, ಕಟ್ಟಿಕೊಂಡು ಪಕ್ಕದ ಕೋಣೆಯಲ್ಲೇ ಒಲೆ ಹೂಡಿದ್ದಳು.

ಅಲ್ಲಿಗೆ ಬಂದರು ಪಾಳು ಕಟ್ಟಡಗಳ ಆಫೀಸಿನ ಸಾಹೇಬರು. ಜೊತೆಗೆ ಒಬ್ಬ ಫೋಟೋದವನು, ಅವನ ಕರಿ ಡೇರೆ, ಪೆಟ್ಟಿಗೆಯಂಥ ಕ್ಯಾಮೆರಾ. ಫೋಟೋ ಮೂಡಿಸುವ ಗಾಜಿನ ಹಲಗೆಗಳು ಗಾಡಿಯ ಕುಲುಕಾಟಕ್ಕೆ ಒಡೆದು ಒಂದೇ ಉಳಿದಿತ್ತು. ಗುಡಿಯನ್ನು ತಾವೇ ಕಂಡುಹಿಡಿದೆವೆಂದು ಸಾಹೇಬರು ಬೀಗುತ್ತಿದ್ದರು. ದಾರಿ ತೋರಿಸಿದ್ದು ನಮ್ಮಜ್ಜಿ ಎಂಬುದು ಬೇರೆ ಮಾತು.

"ಇಲ್ಲಿ ಯಾರೂ ವಾಸ ಇಲ್ಲ ಅಂತ ಮೇಲಕ್ಕೆ ಬರೀಬೇಕು. ಫೋಟೋ ಕಳಿಸಿದ ಮೇಲೆ ಖಾಲಿ ಮಾಡಿಸಿ ಬೇಲಿ ಹಾಕಿಸ್ತೀನಿ" ಎಂದರು.

"ಮತ್ತೆ ನಾನ್ಯಾರು ಸ್ವಾಮಿ, ಬಾವಲಿನಾ?" ಎಂದಳು ಮುತ್ತಜ್ಜಿ.

"ಇವಳನ್ನ ಆಚೆ ಕಳಿಸಯ್ಯ!"

"ಬೇಡಿ ಸಾರ್," ಎಂದ ಫೋಟೋದವನು, "ಹಗ್ಗ ಹೊಸ್ಕೊಂಡು ಓಡಾಡ್ತಿರ್ಲಿ. ಕ್ಯಾಮೆರಾ ಕಣ್ಣಿನ ಮುಚ್ಚಳ ತೆಗೆದ ಮೇಲೆ ಮತ್ತೆ ಹಾಕೋಕೆ ಬಹಳ ಹೊತ್ತಾಗತ್ತೆ. ಅಲ್ಲಾಡೋರು ಇದರಲ್ಲಿ ಬರೋದೇ ಇಲ್ಲ. ಅಲ್ಲಾಡದೆ ಇದ್ದದ್ದು ಮಾತ್ರ ಬರತ್ತೆ."

ಕಸುಬಿನ ಗುಟ್ಟನ್ನು ಯಾರೆದುರು ಬಿಟ್ಟುಕೊಟ್ಟೆನೆಂದು ಪಾಪ, ಅವನಿಗೆ ಗೊತ್ತಿರಲಿಲ್ಲ.

ಮುಚ್ಚಳ ತೆಗೆದದ್ದೇ ತಡ, ಮುತ್ತಜ್ಜಿ ಹಗ್ಗ ಕೆಳಗೆ ಹಾಕಿ, ಮುಂದಿನ ಕಂಬಕ್ಕೆ ಬೆನ್ನು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

"ಏಯ್, ನಡೀತಾ ಇರು!" ಎಂದು ಸಾಹೇಬರು ಕ್ಯಾಮೆರಾದ ಎದುರಿಗೇ ನುಗ್ಗಿದರು. ಟೋಪಿ ಬೀಸಿದರು, ಕಾಲು ಕುಟ್ಟಿದರು, ಸುತ್ತ ಸುತ್ತಿದರು.

"ಅಮ್ಮಾ, ಸುಮ್ನೆ ಬಾರೇ" ಎಂದು ಮಗಳು ಅಂಗಲಾಚಿದಳು. ಮುತ್ತಜ್ಜಿ ತುಟಿಪಿಟಕ್ಕೆನ್ನಲಿಲ್ಲ. ಜೀವಮಾನದಲ್ಲಿ ಅವಳು ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ಸಲವಂತೆ.

ಡೇರೆಯಲ್ಲಿ ಹಲಗೆ ತೊಳೆದಾಗ ಕಂಬದ ಕೆತ್ತನೆ ಕಂಡಿತು, ಮುತ್ತಜ್ಜಿ ಕಂಡಳು, ಅವಳ ಕಾಲಬಳಿಯ ನಾರೂ ಎಳೆಎಳೆಯಾಗಿ ಕಂಡಿತು.

"ನಾನೆಲ್ಲಿ?" ಎಂದರು ಸಾಹೇಬರು.

"ಇದೀರಲ್ಲ ಸಾರ್. ಈ ಹೊಗೆ ತರಹ ಇದೆಯಲ್ಲ, ಅದು ತಾವೇ."

ಬೇರೆ ಹಲಗೆಯಿಲ್ಲ, ಮೇಲಿನವರು ಫೋಟೋಗೆ ಕಾದಿದ್ದಾರೆ. ಸಾಹೇಬರು ಯೋಚಿಸಿ ಯೋಚಿಸಿ ಅದರ ಕೆಳಗೆ ಬರೆದರು: 'ಕಂಬದ ಎತ್ತರ ತಿಳಿಯಲೆಂದು ನಾನು ನಿಲ್ಲಿಸಿದ ಹೆಂಗಸು.'

ಫೋಟೋದವನು ಅದನ್ನು ಮುತ್ತಜ್ಜಿಗೆ ಓದಿ ಹೇಳಿಯೇ ಗಾಡಿ ಹತ್ತಿದ. ಹಾಗಾಗಿ ಸಾಹೇಬರು ಬೇಲಿಯವರೊಂದಿಗೆ ಮತ್ತೆ ಬಂದಾಗ ಅವಳು ಸಿದ್ಧವಾಗಿದ್ದಳು.

"ಅಳತೆಗೆ ನನ್ನ ನಿಲ್ಲಿಸಿದ್ದು ನೀವೇ ಅಂತೆ? ನನ್ನ ಓಡಿಸಿದ ಮೇಲೆ ಮೇಲಿನವರು ಬಂದು, ಆ ಅಳತೆ ಎಲ್ಲಯ್ಯಾ ಅಂದ್ರೆ ಏನಂತೀರಿ? ಇಲ್ಲಾ, ನಿಲ್ಲಿಸಿದ್ದಲ್ಲ, ನಾನೇ ನಿಂತಿದ್ದು, ಕುಣಿದವರು ನೀವು ಅಂತ ಹೇಳ್ಲಾ?"

ಬೇಲಿ ಬಂತು. ಅದರಲ್ಲಿ ಮುತ್ತಜ್ಜಿಗೊಂದು ಬಾಗಿಲೂ ಬಂತು. ಆಮೇಲೆ ಸಾಹೇಬರು ತನಿಖೆಗೆ ಬಂದಾಗಲೆಲ್ಲ ಆಕೆ ಕೆಲಸ ಬಿಟ್ಟು, ಅದೇ ಕಂಬಕ್ಕೆ ಒರಗಿ, ಅವರು ಹೋಗುವವರೆಗೂ ಅಲ್ಲಾಡದೆ ನಿಲ್ಲುತ್ತಿದ್ದಳಂತೆ.