ಅಪ್ಪನ ಕಣ್ಣಿನ ಮೇಲಿನ ಒದ್ದೆ ಹತ್ತಿ

ಅಪ್ಪ ತೀರಿಕೊಂಡ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಫ್ಯಾನು ಆರಿಸಿದ್ದು. ಆಮೇಲೆ ಹತ್ತಿಯನ್ನು ನೀರಲ್ಲಿ ಅದ್ದಿ ಅವರ ಮುಚ್ಚಿದ ರೆಪ್ಪೆಗಳ ಮೇಲಿಟ್ಟೆ. ದಾನ ಮಾಡುವ ಕಣ್ಣು ಒಣಗಬಾರದು, ಕೆಲವೇ ಗಂಟೆಗಳೊಳಗೆ ತೆಗೆಯಬೇಕು ಎಂದು ಎಲ್ಲೋ ಓದಿದ್ದೆ. ತೊಂಬತ್ತರ ದಶಕದ ಕೊನೆ. ಚಾಮರಾಜಪೇಟೆಯ ಬಾಡಿಗೆ ಮನೆ. ಪೊರೆಯ ಆಪರೇಷನ್ ಆಗಿ, ಮಾಮೂಲ್‌ಪೇಟೆಯ ತಮ್ಮ ಅಂಗಡಿಯಲ್ಲಿ ಮತ್ತೆ ನೂಲಿನ ಬಣ್ಣ ಗುರುತಿಸುವಂತಾದಾಗ ಅಪ್ಪ ಕಾಫಿ ಕುಡಿಯುತ್ತಾ, "ನಾನು ಹೋದ್ಮೇಲೆ ಇವನ್ನ ಯಾರಿಗಾದ್ರೂ ಕೊಟ್ಬಿಡ್ರೋ" ಅಂದಿದ್ದರು. ಹಾಗೆಂದು ನನ್ನ ನೆನಪು.

ಸ್ವಲ್ಪ ಹೊತ್ತಿಗೆ ಮನೆ ತುಂಬಿತು. ಫೋನಿನ ಪಕ್ಕ ದೊಡ್ಡಪ್ಪ ಕೂತು ನಗರ್ತಪೇಟೆಯ ನೆಂಟರಿಗೆಲ್ಲ ಸುದ್ದಿ ಮುಟ್ಟಿಸುತ್ತಿದ್ದರು. ನೇತ್ರ ಭಂಡಾರಕ್ಕೆ ಒಂದು ಕರೆ ಮಾಡಬೇಕು ಎಂದೆ.

"ಆಪರೇಷನ್ ಆಗಿರೋ ಕಣ್ಣು ಯಾರಿಗಪ್ಪಾ ಬೇಕು? ಅದೇನು ಸೆಕೆಂಡ್ ಹ್ಯಾಂಡ್ ಸ್ಕೂಟರಾ?"

"ಪೊರೆ ತೆಗ್ಸಿದ್ರೂ ಕೊಡ್ಬಹುದು ದೊಡ್ಡಪ್ಪ. ಅವ್ರಿಗೆ ಬೇಕಾಗಿರೋದು ಮುಂದಿನ ತೆಳು ಪದರ ಅಷ್ಟೆ. ಮುಖ ಏನೂ ಕೆಡಲ್ಲ."

"ಎಮ್ಮೆಸ್ಸಿ ಓದ್ಸಿದ್ದು ಇದಕ್ಕೇನಾ?" ಎಂದು ಮುಂದಿನ ನಂಬರು ತಿರುಗಿಸಿದರು.

ಸೋದರತ್ತೆ ಫ್ಯಾನು ಹಾಕಿದರು. ನಮ್ಮಲ್ಲಿ ಸತ್ತವರನ್ನು ಗೋಡೆಗೊರಗಿಸಿ ಕೂರಿಸುತ್ತೇವೆ. ಹಣೆಗೆ, ಕೆನ್ನೆಗೆ ವಿಭೂತಿ ಬಳಿದು, ಬಂದವರಿಗೆಲ್ಲ ಮುಖ ಕಾಣುವಂತೆ. ಮಣ್ಣು ಮಾಡುವುದೂ ಕೂರಿಸಿಯೇ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು.

"ಲಿಂಗ ನೋಡ್ಕೊಂಡು ಕೂರೋನು ಕಣೋ ನನ್ನ ತಮ್ಮ. ಕಣ್ಣೇ ಕಿತ್ಕೊಟ್ರೆ ಏನ್ ನೋಡ್ತಾನೆ?" ಅತ್ತೆ ಹತ್ತಿಯನ್ನು ತೆಗೆದೆಸೆದರು. ನಾನು ಮತ್ತೆ ಅದ್ದಿ ಇಟ್ಟೆ. ಅವರು ಮತ್ತೆ ತೆಗೆದರು. ಅಪ್ಪನ ಕೆನ್ನೆಯ ವಿಭೂತಿ ನೀರಿಗೆ ಕರಗಿ ಇಳಿಯುತ್ತಿತ್ತು. ಬಂದವರು ಅದನ್ನೇ ನೋಡುತ್ತಿದ್ದರು.

ಒಪ್ಪಿಗೆ ಕೊಡಬೇಕಾದವಳು ಅಮ್ಮ. ಕೇಳಿದೆ. ಅವಳು ದೊಡ್ಡಪ್ಪನ ಕಡೆ ನೋಡಿದಳು. ದೊಡ್ಡಪ್ಪ ಫೋನಿನಲ್ಲಿದ್ದರು.

ಸಂಜೆ ರುದ್ರಭೂಮಿಯಲ್ಲಿ, ಕ್ರಿಯೆ ಮಾಡಿಸುತ್ತಿದ್ದ ಅಯ್ನೋರನ್ನು ಕೇಳಿದೆ: ಕಣ್ಣು ಕೊಟ್ಟಿದ್ದರೆ ತಪ್ಪಾಗುತ್ತಿತ್ತೇ?

"ಮುಚ್ಚಿರೋ ಕಣ್ಣು ಏನ್ ನೋಡುತ್ತಪ್ಪಾ? ಕೊಡಬಹುದಿತ್ತು. ಬೆಳಿಗ್ಗೆನೇ ಒಂದ್ ಮಾತು ಕೇಳಬಾರದಿತ್ತಾ?"

ಪಕ್ಕದಲ್ಲಿದ್ದ ದೊಡ್ಡಪ್ಪ, "ಸರಿ ಬಿಡಿ ಅಯ್ನೋರೇ, ಹೊತ್ತಾಗುತ್ತೆ" ಅಂದರು. ಅಪ್ಪನನ್ನು ಗುಣಿಗೆ ಇಳಿಸಿದೆವು.

ಕೆಲವು ವರ್ಷಗಳ ನಂತರ, ದೊಡ್ಡಪ್ಪನೂ ಅಯ್ನೋರೂ ಹೋದಮೇಲೆ, ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅಮ್ಮನ ಮುಂದೆ ಅಪ್ಪನ ಆ ಮಾತು ಎತ್ತಿದೆ.

"ಅವ್ರೆಲ್ಲಿ ಹಾಗಂದ್ರು? ಹೇಳಿದ್ದು ನೀನು. ಅವ್ರು ಹೂಂ ಅಂದ್ರು ಅಷ್ಟೆ. ಬಾಯಲ್ಲಿ ಕಾಫಿ ಇತ್ತು."

ಎಲ್ಲದಕ್ಕೂ ಪುರಾವೆ ಕೇಳುವವನು ನಾನು. ಅಪ್ಪನ ದನಿ ಈಗಲೂ ಕಿವಿಯಲ್ಲಿದೆ, ಆದರೆ ನನ್ನ ಕಿವಿ ಯಾವ ಪುರಾವೆ? ನಾನೂ ಒಂದು ಹಿಡಿ ಹುರುಳಿಕಾಯಿ ಎಳೆದುಕೊಂಡು ಕೇಳಿದೆ: "ನಿನ್ನದಾದರೂ ಕೊಡೋಣವೇನಮ್ಮ?"

"ಬೇಡಪ್ಪ. ಅಲ್ಲಿ ಅವ್ರನ್ನ ಹುಡುಕ್ಬೇಕಲ್ಲ, ಕಣ್ಣಿಲ್ದೆ ಹೇಗೆ?"

ಅಯ್ನೋರು ಆಡಿದ ಮಾತನ್ನು ಹೇಳಿದೆ. ಹೆಂಗಸರು ಅಂದು ರುದ್ರಭೂಮಿಗೆ ಬಂದಿರಲಿಲ್ಲ.

ಅಮ್ಮ ತಲೆಯೆತ್ತಲಿಲ್ಲ. "ಅದನ್ನೂ ನೀನೇ ತಾನೇ ಹೇಳ್ತಿರೋದು" ಅಂದಳು.