ಅರಮನೆ ಬರೆಯಲೊಲ್ಲದ ಅಮ್ಮ

ಆಗಿನ್ನೂ ಆನ್ ಆರ್ಬರ್‌ನ ಯಾವ ಅಂಗಡಿಯಲ್ಲೂ ಕೊತ್ತಂಬರಿ ಸೊಪ್ಪು ಸಿಗುತ್ತಿರಲಿಲ್ಲ. ಯಾರಾದರೂ ಷಿಕಾಗೋಗೆ ಹೋದರೆ ಹುಣಿಸೆಹಣ್ಣು, ತೊಗರಿಬೇಳೆ ತಂದು ಮನೆಮನೆಗೆ ಹಂಚುತ್ತಿದ್ದರು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಎಲ್ಲೋ ಒಂದು ಕನ್ನಡದ ಮನೆ ಇದೆಯೆಂದು ಕಿವಿಗೆ ಬಿದ್ದರೆ ಸಾಕು, ಹಿಮದಲ್ಲೇ ಡ್ರೈವ್ ಮಾಡಿಕೊಂಡು ಹೋಗಿ ಹುಳಿಯನ್ನ ಉಂಡು ಬರುತ್ತಿದ್ದೆವು. ಆ ಕಾಲದಲ್ಲಿ ಇಲ್ಲಿ ಬೆಳೆದವರಿಗೆಲ್ಲ ಬೇಸ್‌ಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಆಡಿದ್ದು ನೆನಪಿರಬಹುದು. ನಮ್ಮ ಬೇಸ್‌ಮೆಂಟಿನಲ್ಲಿ ಒಗ್ಗರಣೆಯ ಜೊತೆಗೆ ಟರ್ಪೆಂಟೈನ್ ವಾಸನೆಯೂ ಇರುತ್ತಿತ್ತು. ಅಮ್ಮ ಅಲ್ಲಿ ಚಿತ್ರ ಬರೆಯುತ್ತಿದ್ದಳು.

ಅಮ್ಮ ಮೈಸೂರಿನಲ್ಲಿ ಚಿತ್ರಕಲೆ ಕಲಿತವಳು. ಅಪ್ಪ ಆಸ್ಪತ್ರೆಯಲ್ಲಿ ಡಾಕ್ಟರು. ನನಗೆ ಒಂಬತ್ತು ವರ್ಷವಾಗಿದ್ದ ಆ ಚಳಿಗಾಲದಲ್ಲಿ ಶನಿವಾರ ಬಂತೆಂದರೆ ಅಪ್ಪ ನಮ್ಮಿಬ್ಬರನ್ನೂ ಡೆಟ್ರಾಯಿಟ್ ಬದಿಯ ಒಂದು ಪುಟ್ಟ ಮ್ಯೂಸಿಯಂಗೆ ಬಿಟ್ಟು ಹೋಗುತ್ತಿದ್ದರು. ಹಳೆಯ ಜರ್ಮನ್ ಮನೆತನಗಳು ಕಟ್ಟಿಸಿದ ಮ್ಯೂಸಿಯಂ ಅದು. ಅಲ್ಲಿ ನೂರು ವರ್ಷದ ಹಿಂದಿನ ಒಬ್ಬ ಜರ್ಮನ್ ಚಿತ್ರಕಾರನ ಚಿತ್ರವೊಂದಿತ್ತು. ಒಲೆಯ ಪಕ್ಕ ಕೂತ ಅಜ್ಜಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಳೆ, ಒಂದು ಮಗು ಸಿಪ್ಪೆಯನ್ನು ಕೊರಳಿಗೆ ಸರದಂತೆ ಹಾಕಿಕೊಂಡಿದೆ. ಅಮ್ಮ ಅಪ್ಪಣೆ ಪಡೆದು, ಸೀರೆಯ ಮೇಲೆ ಸ್ವೆಟರ್ ತೊಟ್ಟು, ಕಾಲಿಗೆ ಸ್ನೋ ಬೂಟು ಹಾಕಿಕೊಂಡು ಅದರ ಮುಂದೆ ನಿಂತು ನಕಲು ಮಾಡುತ್ತಿದ್ದಳು. ಬಂದವರು ಆ ಚಿತ್ರಕ್ಕಿಂತ ಹೆಚ್ಚಾಗಿ ಅಮ್ಮನನ್ನೇ ನೋಡುತ್ತಿದ್ದರು. ಒಮ್ಮೆ ತುಪ್ಪಳದ ಕೋಟಿನ ಹೆಂಗಸೊಬ್ಬಳು, ನಿಮ್ಮ ದೇಶದಲ್ಲಿ ಚಿತ್ರಗಳಿಲ್ಲವೇ ಎಂದು ಕೇಳಿದಳು. ಬೇಕಾದಷ್ಟಿವೆ, ಇವತ್ತು ಇದನ್ನು ನೋಡಲು ಬಂದಿದ್ದೇನೆ ಎಂದು ಅಮ್ಮ ಇಂಗ್ಲಿಷಿನಲ್ಲಿ ಹೇಳಿ ಕುಂಚ ಅದ್ದಿದಳು. ನನಗೆ ಭೂಮಿಗಿಳಿದುಹೋದಂತಾಯಿತು. ಮನೆಗೆ ಹೋಗೋಣವೆಂದು ಸೆರಗು ಜಗ್ಗಿದೆ.

"ನೋಡೋರು ನೋಡ್ಲಿ ಬಿಡು," ಎಂದಳು ಅಮ್ಮ. "ನಾನೂ ನೋಡೋಕೇ ಬಂದಿದೀನಿ."

ಆ ಚಿತ್ರಕಾರನ ಹೆಸರಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅವನು ಬರೀ ಜರ್ಮನ್ ತಾತ. ಲೈಬ್ರರಿಯಿಂದ ತಂದ ದಪ್ಪ ಪುಸ್ತಕ ಓದಿ, ಕೈಗೆ ತುಪ್ಪ ಸವರಿಕೊಂಡು ಉಂಡೆ ಕಟ್ಟುತ್ತ ಅಮ್ಮ ಅವನ ಕಥೆ ಹೇಳುತ್ತಿದ್ದಳು. ನೇಯ್ಗೆಯವರ ಮಗನಂತೆ. ದೊಡ್ಡ ಊರಿನ ಕಲಾಶಾಲೆಯಲ್ಲಿ ಅವನಿಗೆ ರಾಜರು, ಯುದ್ಧ, ದೇವತೆಗಳನ್ನು ಬರೆಯಲು ಕಲಿಸಿದರಂತೆ. ಅವನಿಗೆ ಅದು ಹಿಡಿಸಲಿಲ್ಲ. ಹಳ್ಳಿಗೆ ಮರಳಿ ಬಟ್ಟೆ ಒಗೆಯುವವರನ್ನು, ಬ್ರೆಡ್ ಸುಡುವವರನ್ನು, ಶಾಲೆಯಲ್ಲಿ ತೂಕಡಿಸುವ ಮಕ್ಕಳನ್ನು ಬರೆದ. ಪಟ್ಟಣದ ಪಂಡಿತರು ಅವನಿಗೆ ಆಲೂಗಡ್ಡೆ ಚಿತ್ರಕಾರ ಎಂದು ಅಡ್ಡಹೆಸರಿಟ್ಟರು. ಒಬ್ಬ ದೊರೆ ತನ್ನ ಬೇಟೆಯ ಚಿತ್ರ ಬರೆಯಲು ಹೇಳಿದಾಗ, ಹಿತ್ತಿಲಲ್ಲಿ ಕೂತು ಆ ಬೇಟೆಯ ಹಕ್ಕಿಗಳ ಪುಕ್ಕ ಕೀಳುತ್ತಿದ್ದ ಹೆಂಗಸರನ್ನು ಬರೆದು ಕಳಿಸಿದನಂತೆ. ದೊರೆ ವಾಪಸ್ಸು ಕಳಿಸಿದ. ಅರಮನೆಯ ಬಾಗಿಲು ಅವನಿಗೆ ಮತ್ತೆ ತೆರೆಯಲಿಲ್ಲ. ಮಕ್ಕಳಿಗೆ ಚಿತ್ರ ಹೇಳಿಕೊಟ್ಟು ಬದುಕಿದ, ಆದರೆ ಕೊನೆಯವರೆಗೂ ಅಡುಗೆಮನೆಯನ್ನೇ ಬರೆದ. ಈ ಭಾಗ ಬಂದಾಗ ಅಮ್ಮನ ಕಣ್ಣು ಹೊಳೆಯುತ್ತಿತ್ತು.

ಯುಗಾದಿ ಹತ್ತಿರ ಬಂತು. ನಮ್ಮ ಕನ್ನಡ ಕೂಟದ ಅಧ್ಯಕ್ಷರಾದ ಶ್ರೀನಿವಾಸಯ್ಯ ಅಂಕಲ್ ಸೋಫಾದಷ್ಟು ಉದ್ದದ ಕ್ಯಾನ್ವಾಸು ತಂದುಕೊಟ್ಟು, ಸ್ಟೇಜಿಗೆ ದೀಪಗಳಿಂದ ಝಗಝಗಿಸುವ ಮೈಸೂರು ಅರಮನೆ ಬರೆದುಕೊಡಿ ಎಂದರು. ಅಮ್ಮ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅರಮನೆಯನ್ನೇ ಬರೆದುಬಿಡು, ಸುಮ್ಮನೆ ನಿಷ್ಠುರ ಯಾಕೆ ಎಂದು ಅಪ್ಪ ಹೇಳಿದರು.

ಕ್ಯಾನ್ವಾಸಿನ ಮೇಲೆ ಮೂಡಿದ್ದು ನಮ್ಮದೇ ಬೇಸ್‌ಮೆಂಟು. ನೆಲಕ್ಕೆ ಹಳೇ ಪೇಪರ್ ಹಾಸಿ ಮೂವರು ಹೆಂಗಸರು ಹಬ್ಬದ ಅಡುಗೆಗೆ ಹುರುಳಿಕಾಯಿ ಹೆಚ್ಚುತ್ತಿದ್ದರು. ಪಕ್ಕದ ಬಡಾವಣೆಯ ಕುಸುಮಾ ಆಂಟಿ, ಧಾರವಾಡದ ಪದ್ಮಾ ಆಂಟಿ. ಮೂರನೆಯವಳು ಬೆನ್ನು ತಿರುಗಿಸಿ ಕೂತಿದ್ದಳು. ಜಡೆ ನೋಡಿದರೆ ಅಮ್ಮನೇ. ಹಿಂದೆ ವಾಷಿಂಗ್ ಮಷೀನು, ಮೇಲಿನ ಸಣ್ಣ ಕಿಟಕಿಯಲ್ಲಿ ಹಿಮ.

ಮೊದಲು ನೋಡಿದವರು ಕುಸುಮಾ ಆಂಟಿ. ಮುಖ ಸಪ್ಪಗಾಯಿತು.

"ಅಲ್ಲ ಕಣೇ ಲಲಿತಾ, ನಮ್ಮನೆಯವರ ಸಾಕ್ಸ್ ಹಾಕ್ಕೊಂಡಿರೋದನ್ನೂ ಬರ್ದುಬಿಟ್ಟಿದೀಯಲ್ಲೇ."

"ಚಳಿ ಇತ್ತಲ್ಲ ಕುಸುಮಾ, ಹಾಕ್ಕೊಂಡಿದ್ದೆ ನೀನು."

ಆಂಟಿ ಬಗ್ಗಿ ಚಿತ್ರವನ್ನು ಇನ್ನೊಮ್ಮೆ ನೋಡಿದರು. ಆಮೇಲೆ, ಕೈ ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳಿ ಕಾಫಿ ಕುಡಿಯದೆ ಹೋದರು.

ಹಬ್ಬದ ಬೆಳಿಗ್ಗೆ ಅಪ್ಪನೇ ಚಿತ್ರವನ್ನು ಸ್ಟೇಷನ್ ವ್ಯಾಗನ್ ಕಾರಿನ ಮೇಲೆ ಹಗ್ಗದಿಂದ ಬಿಗಿದರು. ಕಾರ್ಯಕ್ರಮವಿದ್ದ ಶಾಲೆಯಲ್ಲಿ ಅದರ ಮೇಲಿನ ಬೆಡ್‌ಶೀಟ್ ಸರಿಸುತ್ತಿದ್ದಂತೆ ಶ್ರೀನಿವಾಸಯ್ಯ ಅಂಕಲ್ ಕೆಂಪಾದರು.

"ಏನಮ್ಮ ಇದು? ಅಮೆರಿಕನ್ ಗೆಸ್ಟ್ಸ್ ಬರ್ತಾರೆ. ನಮ್ಮ ವೈಭವ ತೋರಿಸೋದು ಬಿಟ್ಟು ಅಡುಗೆಮನೇನ ಸ್ಟೇಜ್ ಮೇಲೆ ಇಡೋದಾ?"

"ಅರಮನೇನ ನಾನು ಗೇಟಿನಾಚೆಯಿಂದ ನೋಡಿದವಳು, ಶ್ರೀನಿವಾಸಯ್ಯನವರೇ," ಎಂದಳು ಅಮ್ಮ. "ಇವರನ್ನ ಪಕ್ಕದಲ್ಲಿ ಕೂತು ನೋಡಿದೀನಿ. ನೋಡಿದ್ದನ್ನ ಬರೆದೆ."

ಸ್ಟೇಜಿಗೆ ಬರೀ ಪರದೆ ಸಾಕೆಂದು ಗಂಡಸರು ತೀರ್ಮಾನಿಸಿದರು. ಅಮ್ಮ ಚಿತ್ರದ ಒಂದು ತುದಿ ಹಿಡಿದಳು. ಇನ್ನೊಂದು ತುದಿಯನ್ನು ಯಾರೋ ಹಿಡಿದರು. ತಿರುಗಿ ನೋಡಿದರೆ ಕುಸುಮಾ ಆಂಟಿ. ಇಬ್ಬರೂ ಅದನ್ನು ಕೆಫೆಟೇರಿಯಾಕ್ಕೆ ಹೊತ್ತು ತಂದು, ಊಟ ಬಡಿಸುವ ಮೇಜಿನ ಹಿಂದೆ ಗೋಡೆಗೆ ಒರಗಿಸಿದರು. ತಟ್ಟೆ ಹಿಡಿದ ಪ್ರತಿಯೊಬ್ಬರೂ ಅದರ ಮುಂದೆಯೇ ಹಾಯಬೇಕು. ಅಮೆರಿಕನ್ ಅತಿಥಿಗಳೂ ನಿಂತು ನೋಡಿದರು. ಇದು ನೀವೇನಾ ಎಂದು ಯಾರೋ ಕೇಳಿದರು.

"ನಾನೇ," ಎಂದರು ಕುಸುಮಾ ಆಂಟಿ. "ಸಾಕ್ಸ್ ಮಾತ್ರ ನಮ್ಮನೆಯವರದ್ದು. ಇನ್ನೊಂಚೂರು ಬಿಸಿಬೇಳೆ ಹಾಕ್ಲಾ?"

ಶ್ರೀನಿವಾಸಯ್ಯ ಅಂಕಲ್ ತಟ್ಟೆ ಹಿಡಿದೇ ಬಂದು, ಇದನ್ನು ಇಲ್ಲಿಂದಲೂ ತೆಗೆಯಿರಿ ಎಂದರು. ನಾನು ಹೋಗಿ ಚಿತ್ರದ ಮುಂದೆ ನಿಂತುಬಿಟ್ಟೆ. "ನೋ, ಅಂಕಲ್," ಎಂದೆ. ಪದ್ಮಾ ಆಂಟಿ ಪಲ್ಯದ ಸೌಟು ಹಿಡಿದು ನನ್ನ ಪಕ್ಕ ಬಂದು ನಿಂತರು.

"ತಗಿಯಾಂಗಿಲ್ರಿ. ಚಿತ್ರಾ ಹೋದ್ರ ನಾವೂ ಹೋಗ್ತೀವಿ. ಬಡಸವ್ರು ಯಾರು ನೋಡ್ರಿ."

ಅಂಕಲ್ ಹಿಂದಿನ ಸಾಲನ್ನೊಮ್ಮೆ ನೋಡಿದರು. ಆಮೇಲೆ ತಟ್ಟೆ ಮುಂದೆ ಚಾಚಿದರು. ಪದ್ಮಾ ಆಂಟಿ ಅವರಿಗೆ ಸೌಟು ತುಂಬ ಪಲ್ಯ ಬಡಿಸಿದರು.

ಅಮ್ಮ ಆ ಚಿತ್ರವನ್ನು ಕುಸುಮಾ ಆಂಟಿಗೇ ಕೊಟ್ಟಳು. ಅವರು ಷಿಕಾಗೋ ಹತ್ತಿರದ ಡೌನರ್ಸ್ ಗ್ರೋವ್‌ಗೆ ಮನೆ ಬದಲಿಸಿದಾಗ ಅದೂ ಹೋಯಿತು. ಆಂಟಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡಿದರು. ವಿಷಯ ತಿಳಿದು ನಾನು ಫೋನ್ ಮಾಡುವ ಹೊತ್ತಿಗೆ ಹಳೇ ಸಾಮಾನಿನ ಜೊತೆ ಯಾರೋ ಅದನ್ನು ಒಯ್ದಾಗಿತ್ತು. ಅಮ್ಮನೂ ಈಗಿಲ್ಲ. ಆ ಮ್ಯೂಸಿಯಂ ಮುಚ್ಚಿತು, ಜರ್ಮನ್ ತಾತನ ಅಜ್ಜಿ ಎಲ್ಲಿ ಹೋದಳೋ. ಯುಗಾದಿಯ ಊಟ ಈಗ ಕೇಟರಿಂಗ್‌ನವರ ವ್ಯಾನಿನಲ್ಲಿ ಬರುತ್ತದೆ, ಯಾರ ಬೆರಳಿಗೂ ಹುರುಳಿಕಾಯಿಯ ಹಸಿರು ಹತ್ತುವುದಿಲ್ಲ.

ಕೂಟದ ಸ್ಮರಣಸಂಚಿಕೆಯಲ್ಲಿ 'ಕಟ್ಟಿದವರು' ಎಂಬ ಪುಟವಿದೆ. ಅದರ ತುಂಬ ಸೂಟು ತೊಟ್ಟ ಗಂಡಸರು. ಕಳೆದ ಬಾರಿ ಅಚ್ಚಿಗೆ ಕೊಡುವ ಮುನ್ನ, ಆ ಕಾಲದ ಹೆಂಗಸರ ಚಿತ್ರ ಏನಾದರೂ ಇದೆಯೇ ಎಂದು ಸಂಪಾದಕ ಹುಡುಗ ನನ್ನನ್ನು ಕೇಳಿದ. ಇತ್ತು ಎಂದೆ. ಅದರ ಜಾಗ ಖಾಲಿ ಬಿಟ್ಟು ಕೆಳಗೆ ಹೆಸರು ಹಾಕು ಎಂದೆ. ಖಾಲಿ ಜಾಗ ಬಿಡೋಕಾಗಲ್ಲ ಆಂಟಿ, ಚೆನ್ನಾಗಿ ಕಾಣಲ್ಲ ಎಂದ. ಕಾಣದೇ ಇರಲಿ ಎಂದು ಹಟ ಹಿಡಿದೆ. ಈಗ ಸೂಟುಗಳ ಎದುರಿನ ಪುಟದಲ್ಲಿ ಒಂದು ಖಾಲಿ ಚೌಕಟ್ಟು ಇದೆ, ಅದರ ಕೆಳಗೆ ಎಡದಿಂದ ಬಲಕ್ಕೆ ಮೂರು ಹೆಸರು: ಕುಸುಮಾ, ಪದ್ಮಾ, ಲಲಿತಾ.