ಗೇಟಿನಾಚೆಯ ಎಣಿಕೆ

ನಮ್ಮ ದೇವರ ಗೂಡಿನ ಕೆಳಗೆ ಎಣ್ಣೆ ಡಬ್ಬಿ, ಬತ್ತಿಯ ಹತ್ತಿ, ಹಳೆಯ ಪಂಚಾಂಗ ಇಡುವ ಮರದ ಪೆಟ್ಟಿಗೆ ಇದೆ. ಇವತ್ತು ಬೆಳಿಗ್ಗೆ ಅದನ್ನು ಸರಿಸಿ ಗುಡಿಸುವಾಗ ಹಿಂದಿನ ಮೂಲೆಯಲ್ಲಿ ಒಂದು ತೆಂಗಿನ ಗರಟೆ ಸಿಕ್ಕಿತು. ಅದರ ಬಾಯಿಗೆ ಹಳೆ ಸೀರೆಯ ಚೂರು ಕಟ್ಟಿತ್ತು. ಬಿಚ್ಚಿದೆ. ಒಳಗೆ ಬಳಚಿನ, ಅಂದರೆ ಕಪ್ಪೆಚಿಪ್ಪಿನ, ಒಣ ಚಿಪ್ಪುಗಳು. ಇಷ್ಟು ವರ್ಷವಾದರೂ ಆ ವಾಸನೆ ಹೋಗಿಲ್ಲ... ಒಣಗಿದ ಉಪ್ಪುನೀರು, ಕೆಸರು, ಒಂದಿಷ್ಟು ಮೀನು. ದೇವರ ಬುಡದಲ್ಲಿ ಮೀನಿನ ವಾಸನೆ, ಅದೂ ಸೋಮವಾರ. ಎದ್ದು ಹೋಗಿ ಮಿಂದು ಬರಬೇಕಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆ ಚಿಪ್ಪುಗಳನ್ನು ನನ್ನ ಮಗಳಿಗೆ ತಂದು ಕೊಟ್ಟವಳು ನಮ್ಮ ಮನೆಗೆ ಮೀನು ತರುತ್ತಿದ್ದ ಹೆಂಗಸು. ನಾವು ಮೀನಿನಮ್ಮ ಅನ್ನುತ್ತಿದ್ದೆವು. ಮಗಳ ಬಾಯಲ್ಲಿ ಅವಳು ಮೀನಜ್ಜಿ.

ಶಾಲೆಗಳೆಲ್ಲ ಮುಚ್ಚಿದ ಕೊರೊನಾ ವರ್ಷ ಅದು. ಮಗಳು ಎರಡನೇ ಇಯತ್ತೆ. ಇವರಿಗೆ ಮಲ್ಲಾಪುರದಲ್ಲಿ ಗುತ್ತಿಗೆ ಕೆಲಸ. ದಿನಾ ಹೋಗಿ ಬರುವುದು ಆಗ ಕಷ್ಟವಾಗಿ ಅಲ್ಲೇ ಉಳಿದು, ಶನಿವಾರ ಸಂಜೆ ಹಬ್ಬುವಾಡದ ನಮ್ಮ ಬಾಡಿಗೆ ಮನೆಗೆ ಬರುತ್ತಿದ್ದರು. ಎಷ್ಟೋ ಜನರ ಕೆಲಸ ಹೋಯಿತು, ಇವರದ್ದು ಉಳಿಯಿತು, ಅದೊಂದು ದೇವರ ದಯೆ. ಆದರೆ ಮನೆಗೆ ಇದ್ದ ಒಂದೇ ದೊಡ್ಡ ಫೋನು ಅವರ ಕಿಸೆಯಲ್ಲಿ. ಅಕ್ಕೋರು, ಅಂದರೆ ಮಗಳ ಶಾಲೆಯ ಟೀಚರು, ದಿನಕ್ಕೊಂದು ಮನೆ ಚಟುವಟಿಕೆ ಫೋನಿಗೆ ಹಾಕುತ್ತಿದ್ದರು. ಮನೆಯಲ್ಲಿರುವ ಚಮಚಗಳನ್ನು ಎಣಿಸಿ ಬರೆಯಿರಿ. ಅಂಗಳದ ಎಲೆಗಳನ್ನು ಆರಿಸಿ ಐದೈದರ ಗುಂಪು ಮಾಡಿರಿ. ಹಿರಿಯರಿಂದ ಒಂದು ಕಥೆ ಕೇಳಿ ಚಿತ್ರ ಬಿಡಿಸಿರಿ. ವಾರದ ಆರೂ ಚಟುವಟಿಕೆ ನಮ್ಮ ಮನೆಗೆ ಶನಿವಾರ ಒಟ್ಟಿಗೆ ಬರುತ್ತಿದ್ದವು. ಬುಧವಾರ ಅಕ್ಕೋರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಗುಡಿಯ ಜಗಲಿಗೆ ಬಂದು ಮಕ್ಕಳು ಬರೆದ ವಹಿ ತೆಗೆದುಕೊಂಡು ಹೋಗುವರು.

ಮಗಳು ಕೂರುತ್ತಿರಲಿಲ್ಲ. ಕೂತರೆ ಪೆನ್ಸಿಲ್ಲಿನ ಮೊನೆ ಮುರಿದು ಅಳುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಅವಳು ಮಲಗಿದಾಗ, ಇದೊಂದು ಸಲ ಅಂದುಕೊಂಡು, ನಾನೇ ಬರೆದೆ. ಎಡಗೈಯಲ್ಲಿ ಬರೆದೆ, ಅಕ್ಷರ ಮಕ್ಕಳು ಬರೆದ ಹಾಗೆ ಸೊಟ್ಟ ಬರಲಿ ಅಂತ. ಚಮಚ ನಾನೇ ಎಣಿಸಿದೆ. ಎಲೆ ನಾನೇ ಅಂಟಿಸಿದೆ. ಕಥೆ ಯಾರಿಂದಲೂ ಕೇಳಲಿಲ್ಲ, ಚಿತ್ರ ಮಾತ್ರ ಬಿಡಿಸಿದೆ. ಬುಧವಾರ ಅಕ್ಕೋರು ಕೆಂಪು ಶಾಯಿಯಲ್ಲಿ 'ಚೆನ್ನಾಗಿದೆ' ಅಂತ ಬರೆದು ಒಂದು ನಕ್ಷತ್ರ ಹಾಕಿ ಕಳಿಸಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಸಂಜೆ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಒಂದು ಸುಳ್ಳಿಗೆ ತುಪ್ಪದ ದೀಪ... ಆಮೇಲೆ ಅದೇ ರೂಢಿಯಾಯಿತು.

ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗಿಳಿದ ಮೇಲೆ ಮೀನಿನಮ್ಮ ಬರತೊಡಗಿದಳು. ಅರವತ್ತು ದಾಟಿತ್ತೇನೋ. ಬುಟ್ಟಿಯ ಅಂಚಿಗೆ ನೀಲಿ ಪ್ಲಾಸ್ಟಿಕ್ಕು ಸುತ್ತಿದ್ದಳು. ಮುಂಚಿನಿಂದಲೂ ನಮ್ಮ ಓಣಿಗೆ ಅವಳೇ. ಬಂಗಡೆಯನ್ನು ತಟ್ಟೆಗೆ ಹಾಕುವಾಗ ಗಟ್ಟಿಯಾಗಿ ಎಣಿಸುವಳು. ಮೊದಲನೆಯದಕ್ಕೆ ಒಂದು ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದಳು. ಲಾಭ, ಎರಡು, ಮೂರು... ಹಳೇ ಕಾಲದವರು ಅಕ್ಕಿ ಅಳೆಯುವಾಗ ಅನ್ನುವ ಹಾಗೆ.

ಒಂದು ದಿನ ಅವಳು ಮಗಳನ್ನು ಕರೆದಳು. "ಬಾ ಪುಟ್ಟಿ, ಇವತ್ತು ನೀ ಎಣಸು. ನಿನ್ನ ಅಮ್ಮಂಗೆ ನನ್ನ ಮೇಲೆ ಅನುಮಾನ ಅದೆ."

ಮಗಳು ಮೀನು ಮುಟ್ಟುತ್ತ ಹೇಳಿದಳು: ಒಂದು, ಎರಡು, ಮೂರು, ಐದು, ಒಂಬತ್ತು.

ಮೀನಿನಮ್ಮ ನಗಲಿಲ್ಲ. "ಎಷ್ಟನೇ ಇಯತ್ತೆ ತಂಗೀ ಇದು?" ಅಂತ ನನ್ನನ್ನು ಕೇಳಿದಳು.

ನನಗೆ ಮೈಯೆಲ್ಲ ಉರಿಯಿತು. ನಾಚಿಕೆ ಸ್ವಭಾವ ಅಷ್ಟೇ, ಬರವಣಿಗೆ ನೋಡು ಎಂದು ಒಳಗಿಂದ ವಹಿ ತಂದು ಅವಳ ಮುಂದೆ ಹಿಡಿದೆ. ಓದಲು ಬರದವಳಿಗೆ ನಕ್ಷತ್ರ ತೋರಿಸಿದೆ. ಅವಳು ಕೈ ಸೀರೆಗೆ ಒರೆಸಿಕೊಂಡು, ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಒಂದೊಂದೇ ಹಾಳೆಯ ತುದಿ ಎತ್ತಿ ನೋಡಿದಳು.

"ನಂಗೆ ಓದೂಕೆ ಬರೂದಿಲ್ಲ. ಆದ್ರೂ ಇದು ಹುಡುಗಿ ಕೈ ಅಲ್ಲ. ಒಂದ್ ಕಡೆ ಉಜ್ಜಿ ಹರಿದದ್ದಿಲ್ಲ, ಎಂಜಲು ಇಲ್ಲ, ಕಣ್ಣೀರಿಲ್ಲ. ಮಕ್ಳು ಬರದದ್ದು ಇಷ್ಟು ಚೊಕ್ಕ ಇರ್ತದ್ಯೆ?"

"ನಿಂಗೆ ಮೀನು ಮಾರೂದು ಬಿಟ್ಟು ಬೇರೆ ಎಂತ ಗೊತ್ತದೆ?" ಅಂದೆ.

"ಮತ್ತೇನಿಲ್ಲ," ಎಂದು ಬುಟ್ಟಿ ತಲೆಗೇರಿಸಿಕೊಂಡಳು. "ಹಳೇ ಮೀನಿಗೆ ನೀರು ಚಿಮುಕಿಸಿದ್ರೆ ಗೊತ್ತಾಗ್ತದೆ."

ಎರಡು ದಿನ ಅವಳ ಕೂಗು ಕೇಳಿದರೂ ನಾನು ಹೊರಗೆ ಹೋಗಲಿಲ್ಲ.

ಆ ಬುಧವಾರ ಅಕ್ಕೋರು ಒಂದು ಮಾತು ಹೇಳಿದರು. ಬರುವ ತಿಂಗಳು ಪ್ರತಿ ಮಗುವನ್ನೂ ಜಗಲಿಯಲ್ಲಿ ಕೂರಿಸಿ ಬಾಯಲ್ಲೇ ಕೇಳುತ್ತೇನೆ, ಯಾರಿಗೆ ಎಷ್ಟು ಬರುತ್ತದೆ ನೋಡಬೇಕು ಅಂತ. ನಕ್ಷತ್ರದ ಹುಡುಗಿ ನಾಲ್ಕರ ಹತ್ತಿರ ನಿಂತುಬಿಡುತ್ತಾಳೆ. ಮನೆಗೆ ಬಂದವಳೇ ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿದೆ. ಹೇಳು, ಹೇಳು, ಹೇಳು. ತಪ್ಪಿದಾಗಲೆಲ್ಲ ಸೌಟಿನಿಂದ ಅಂಗೈಗೆ ಕೊಟ್ಟೆ. ಮೂರನೇ ದಿನ ಸೌಟು ಕೈಗೆತ್ತಿಕೊಂಡ ಕೂಡಲೇ ಮಗು ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಆಮೇಲೆ ಮಾತೇ ಬಿಟ್ಟಿತು. ಊಟ ಬೇಕಾ ಅಂದರೂ ತಲೆ ಆಡಿಸುವುದು, ನೀರು ಬೇಕಾ ಅಂದರೂ ತಲೆ ಆಡಿಸುವುದು.

ಹಟ್ಟಿಕೇರಿಯ ತವರಿನ ದೇವಿಗೆ ಹರಕೆ ಹೊತ್ತೆ. ತಾಯೀ, ಮಗು ಮಾತಾಡಲಿ ಸಾಕು, ಎಣಿಕೆ ಬರದಿದ್ದರೂ ಅಡ್ಡಿಯಿಲ್ಲ, ನನ್ನ ಕೈಗೆ ಲಕ್ವ ಹೊಡೆಯಲಿ ಅಂತೆಲ್ಲ ಬೇಡಿದೆ. ಇವರಿಗೆ ಫೋನಿನಲ್ಲಿ ಏನೂ ಹೇಳಲಿಲ್ಲ. ಮರುದಿನ ಓಣಿಯಲ್ಲಿ "ಬಂಗಡೇ" ಎಂಬ ಕೂಗು ಕೇಳಿದ ಕೂಡಲೇ ಬರಿಗಾಲಲ್ಲಿ ಓಡಿ ಹೋಗಿ ಗೇಟು ತೆಗೆದೆ.

ಮೀನಿನಮ್ಮ ನನ್ನ ಮುಖ ನೋಡಿದಳು. ಏನಾಯಿತು ಅಂತ ಕೇಳಲಿಲ್ಲ. ಒಳಗೆ ಬಂದು ಜಗಲಿಯ ಕೆಳಗೆ ಬುಟ್ಟಿ ಇಟ್ಟು, ಒಂದು ರಾಶಿ ತಾರ್ಲೆ ಮೀನನ್ನು ಬಾಳೆ ಎಲೆಯ ಮೇಲೆ ಸುರಿದಳು. "ಪುಟ್ಟಿ, ನಂಗೆ ಸೊಂಟ ಬಗ್ಗೂದಿಲ್ಲ. ಐದೈದು ಪಾಲು ಮಾಡಿ ಕೊಡು" ಅಂದಳು. ಮಗಳು ತುಂಬ ಹೊತ್ತು ಬಾಗಿಲ ಹಿಂದೆ ನಿಂತಿದ್ದು, ಆಮೇಲೆ ಬಂದು ಕುಕ್ಕರುಗಾಲಿನಲ್ಲಿ ಕೂತಳು. ಒಂದು ಪಾಲಿಗೆ ನಾಲ್ಕು, ಇನ್ನೊಂದಕ್ಕೆ ಏಳು. ನನ್ನ ಕೈ ಎದ್ದೇಬಿಟ್ಟಿತ್ತು. ಮೀನಿನಮ್ಮ ಆ ಕೈಯನ್ನು ಹಾಗೇ ಹಿಡಿದುಕೊಂಡಳು, ಮಗಳಿಗೆ ಹೇಳಿದಳು:

"ತಪ್ಪಿದ್ರೆ ಬುಟ್ಟಿಗೆ ಹಾಕು. ಮತ್ತೆ ತೆಗಿ. ಮೀನೆಲ್ಲಿಗೆ ಓಡ್ತದೆ?"

ನಾಲ್ಕನೇ ದಿನ ಮಗಳ ಬಾಯಿಂದ "ಲಾಭ" ಎಂಬ ಮಾತು ಬಂತು. ವಾರದ ಮೇಲೆ ಬಂದ ಮೊದಲ ಮಾತು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುಂಬಿಕೊಂಡು ಅತ್ತೆ.

ನಮ್ಮ ಮನೆಯಲ್ಲಿ ಸೋಮವಾರ ಮೀನಿಲ್ಲ, ಅವಳಿಗೆ ಗೊತ್ತು. ಆದರೂ ಸೋಮವಾರ ಬಂದಳು. ಬುಟ್ಟಿ ತೊಳೆದು ಖಾಲಿ ಮಾಡಿ, ಒಂದು ಗರಟೆಯಲ್ಲಿ ಐವತ್ತು ಬಳಚಿನ ಚಿಪ್ಪು ಹಾಕಿಕೊಂಡು ಬಂದಳು. "ಇದು ಮೀನಲ್ಲ ಅಲ್ದೆ? ನಿನ್ನ ದೇವರು ಬೈಯೂದಿಲ್ಲ" ಎಂದು ನಕ್ಕಳು. ಹೀಗೆ ಮಗಳು ಹತ್ತು ದಾಟಿದಳು, ಹದಿನೈದಾಯಿತು, ಇಪ್ಪತ್ತಾಯಿತು...

ಆಗ ನಮ್ಮ ಓಣಿಯ ತುದಿಯ ಮನೆಗೆ ಕೊರೊನಾ ಬಂದಿದೆ ಅಂತ ಪಟ್ಟಿ ಕಟ್ಟಿದರು. ಆ ಮನೆಯ ಇಬ್ಬರನ್ನು ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು. ಮೇಲಿನ ಮನೆಯವರು ಮೆಟ್ಟಿಲಿನಿಂದಲೇ ಕೇಳಿದರು, "ಆ ಮೀನಿನವಳು ಹತ್ತು ಮನೆ ತಿರುಗಿ ಬರ್ತಾಳೆ, ನೀವು ಒಳಗೆ ಕೂರಿಸ್ಕೊಳ್ತೀರಲ್ಲ, ನಮ್ಗೂ ಮಕ್ಕಳಿದ್ದಾರೆ." ಇವರೂ ಫೋನಿನಲ್ಲಿ ಬೈದರು. ನನಗೂ ಹೆದರಿಕೆ ಇರಲಿಲ್ಲ ಅಂತಲ್ಲ. ಇತ್ತು. ಅದನ್ನು ಬೇರೆಯವರ ಮೇಲೆ ಹಾಕಬಾರದು.

ಮರುದಿನ ಗೇಟಿಗೆ ಚಿಲಕ ಹಾಕಿ, ಒಳಗಿನಿಂದಲೇ ಹೇಳಿದೆ. "ಅಮ್ಮಾ, ಇನ್ನು ಬರಬೇಡ."

"ಇಪ್ಪತ್ತರ ಮೇಲೆ ಹೋಗ್ಲಿಲ್ಲ ಇನ್ನೂ ಹುಡುಗಿ," ಅಂದಳು.

"ನಾನೇ ಹೇಳಿಕೊಡ್ತೆ."

"ಯಾವ ಕೈಲಿ?" ಅಂದಳು. ಚುಚ್ಚಿ ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಮರುದಿನ ಅದೇ ಹೊತ್ತಿಗೆ ಓಣಿಯ ಆಚೆ ಬದಿಯಿಂದ ದನಿ ಕೇಳಿತು. ಕಿಟಕಿಯ ಪರದೆ ಸರಿಸಿ ನೋಡಿದೆ. ಗಟಾರದ ಮೇಲಿನ ಕಲ್ಲುಚಪ್ಪಡಿಯಲ್ಲಿ ಬುಟ್ಟಿ ಇಟ್ಟುಕೊಂಡು, ಮುಖಕ್ಕೆ ಸೆರಗು ಕಟ್ಟಿಕೊಂಡು ಮೀನಿನಮ್ಮ ಕೂತಿದ್ದಳು. ಗಿರಾಕಿ ಯಾರೂ ಇಲ್ಲ. ಒಂದೊಂದೇ ಬಂಗಡೆಯನ್ನು ಬಾಲ ಹಿಡಿದು ಎತ್ತಿ ತೋರಿಸುತ್ತ ಕೂಗುತ್ತಿದ್ದಳು. "ಲಾಭ! ಎರಡು! ಮೂರು!" ನನ್ನ ಮಗಳು ಕಿಟಕಿಯ ಸರಳು ಹಿಡಿದು ನಿಂತು ಅಷ್ಟೇ ಗಟ್ಟಿಯಾಗಿ ಕೂಗುತ್ತಿದ್ದಳು. ಮಗಳು ತಪ್ಪಿದರೆ ಆ ಮುದುಕಿ ಎಲ್ಲ ಮೀನನ್ನೂ ಬುಟ್ಟಿಗೆ ಹಾಕಿ ಮತ್ತೆ ಮೊದಲಿನಿಂದ ಎತ್ತುವಳು.

ದಿನಾ ಬಂದಳು. ಸೋಮವಾರ ಖಾಲಿ ಬುಟ್ಟಿಯಲ್ಲಿ ಬಂದು ಬೆರಳು ಮಡಚಿ ಎಣಿಸಿದಳು. ಬಿಸಿಲಿತ್ತು. ನಾನು ಪರದೆಯ ಹಿಂದೆ ನಿಂತು ನೋಡಿದೆ. ಒಂದು ತಂಬಿಗೆ ನೀರು ಗೇಟಿನ ಹೊರಗೆ ಇಟ್ಟು ಬರಬಹುದಿತ್ತು. ಮೇಲಿನ ಮನೆಯವರು ನೋಡಿದರೆ... ಅಂತ ಇಡಲಿಲ್ಲ. ದೇವರ ಮುಂದೆ ಎಷ್ಟು ಸಲ ಕೂತರೂ ಆ ತಂಬಿಗೆ ನನಗೆ ಕಾಣುತ್ತದೆ.

ಮಗಳು ನಲವತ್ತಕ್ಕೆ ಬಂದ ದಿನ ಮೀನಿನಮ್ಮ ಎರಡೂ ಕೈ ಎತ್ತಿ, "ನಾಳೆ ಐವತ್ತು!" ಎಂದು ಕೂಗಿ ಎದ್ದಳು. ಎದ್ದವಳು ಒಂದು ಕ್ಷಣ ಗೋಡೆ ಹಿಡಿದು ನಿಂತಳು. ಸೊಂಟ ನೋವು ಅಂದುಕೊಂಡೆ.

ನಾಳೆ ಅವಳು ಬರಲಿಲ್ಲ. ನಾಡಿದ್ದೂ ಇಲ್ಲ. ಮಗಳು ದಿನಾ ಬೆಳಿಗ್ಗೆ ಗರಟೆ ಹಿಡಿದು ಕಿಟಕಿಯ ಹತ್ತಿರ ಕೂರುವಳು. "ಮೀನಜ್ಜಿಗೆ ನೀನು ಬೈದದ್ದಕ್ಕೆ ಸಿಟ್ಟು ಬಂತಾ?" ಅಂತ ಕೇಳುವಳು. ನಾನು ಕಾಯಿ ತುರಿಯುತ್ತ ಕೂರುವೆ.

ಅಕ್ಕೋರು ಕೇಳುವ ದಿನ ಬಂತು. ಗುಡಿಯ ಜಗಲಿಯಲ್ಲಿ ಮಗಳು ಚಿಪ್ಪುಗಳನ್ನು ಸುರಿದುಕೊಂಡು ಶುರು ಮಾಡಿದಳು. "ಲಾಭ, ಎರಡು, ಮೂರು..." ಇಪ್ಪತ್ತೇಳರಲ್ಲಿ ತಪ್ಪಿತು. ಮಗಳು ನನ್ನ ಕಡೆ ನೋಡಲೇ ಇಲ್ಲ, ಎಲ್ಲವನ್ನೂ ಬಳಿದು ಗರಟೆಗೆ ಹಾಕಿ, ಮತ್ತೆ ತೆಗೆದಳು. ನಲವತ್ತು ದಾಟಿದಳು. ಐವತ್ತು ಮುಟ್ಟಿದಳು.

"ಯಾರು ಕಲಿಸಿದ್ದು ಇದನ್ನ?" ಅಂದರು ಅಕ್ಕೋರು.

ನಾನು ಎಲ್ಲ ಹೇಳಿದೆ. ನಕ್ಷತ್ರಗಳನ್ನೂ, ಸೌಟನ್ನೂ, ಎಡಗೈಯನ್ನೂ. ಅವರು, "ಎಡಗೈಲಿ ಬರೆದವರು ನೀವೊಬ್ಬರೇ ಅಲ್ಲ ಬಿಡಿ, ನನ್ನ ಅರ್ಧ ಇಯತ್ತೆಯ ವಹಿ ತಾಯಂದಿರದ್ದೇ" ಅಂದರು. ಕಣ್ಣು ಒರೆಸಿಕೊಂಡರು. "ಆ ಅಮ್ಮನಿಗೆ ಹೋಗಿ ಹೇಳಿ. ಅವರಿಗೆ ಗೊತ್ತಾಗಬೇಕು."

ಮರುದಿನವೇ ಪೇಟೆಯ ಮೀನು ಮಾರುಕಟ್ಟೆಗೆ ಹೋದೆ. ಸಾಲಾಗಿ ಕೂತ ಹೆಂಗಸರನ್ನು ಕೇಳಿದೆ, ಹಬ್ಬುವಾಡಕ್ಕೆ ಬರುವ ಅಮ್ಮ ಎಲ್ಲಿದ್ದಾಳೆ ಅಂತ.

"ಹೆಸರೆಂತ?" ಅಂದಳು ಒಬ್ಬಳು.

ನನಗೆ ಗೊತ್ತಿರಲಿಲ್ಲ. ಎಣಿಸುವಾಗ ಮೊದಲು ಲಾಭ ಅನ್ನುತ್ತಾಳೆ ಅಂದೆ.

"ನಾವೆಲ್ಲ ಹಂಗೇ ಅನ್ನೂದು. ವರ್ಷಗಟ್ಲೆ ಅವಳ ಕೈಯಿಂದ ಮೀನು ತಕಂಡು ತಿಂದೀರಿ, ಹೆಸರು ಕೇಳ್ಲಿಲ್ವೆ ಅಮ್ಮಾ?" ಎಂದು ಸಾಲಿಗೆ ಸಾಲೇ ನಕ್ಕಿತು. ಬುಟ್ಟಿಗೆ ನೀಲಿ ಪ್ಲಾಸ್ಟಿಕ್ಕು ಸುತ್ತಿತ್ತು ಅಂದಾಗ ಮಾತ್ರ ಆ ನಗು ನಿಂತಿತು. ತುದಿಯಲ್ಲಿ ಕೂತವಳು ತಲೆ ಎತ್ತದೆ ಹೇಳಿದಳು. ಜ್ವರ ಬಂತು, ಅಂಕೋಲೆಯ ಮಗಳು ಬಂದು ಕರೆದುಕೊಂಡು ಹೋದಳು, ಅಲ್ಲೇ ಹೋಯಿತು ಜೀವ, ಎಂಟು ದಿನವಾಯಿತು ಅಂತ. ಹೆಸರನ್ನೂ ಅವಳೇ ಹೇಳಿದಳು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಇದ್ದಾಗ ಕೇಳದವಳಿಗೆ ಈಗ ಬರೆಯುವ ಹಕ್ಕಿಲ್ಲ. ಸಂಜೆ ದೀಪ ಹಚ್ಚಿದಾಗ ಒಂದು ಸಲ ಅನ್ನುತ್ತೇನೆ, ಅಷ್ಟೇ. ಆ ಜ್ವರ ಅವಳಿಗೆ ಎಲ್ಲಿಂದ ಬಂತೋ. ಪಟ್ಟಿ ಕಟ್ಟಿದ ಮನೆಯಿರುವ ಓಣಿಗೆ, ಗಿರಾಕಿಯೇ ಇಲ್ಲದ ಓಣಿಗೆ, ಅವಳು ದಿನಾ ಬಂದದ್ದು ಯಾರಿಗಾಗಿ ಅಂತ ನನಗೆ ಗೊತ್ತು. ಇದರ ಮುಂದೆ ನನ್ನ ವಿಚಾರ ಹೋಗುವುದಿಲ್ಲ, ಹೋಗಲು ಬಿಡುವುದಿಲ್ಲ.

ಮಗಳು ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಲೆಕ್ಕದಲ್ಲಿ ಜಾಣೆ ಏನಲ್ಲ, ಆದರೆ ತಪ್ಪಿದರೆ ಅಳುವುದಿಲ್ಲ. ಅದೂ ಒಂದು ದಯೆ. ಈಗ ನಮ್ಮ ಓಣಿಗೆ ಬೇರೆ ಹೆಂಗಸು ಮೀನು ತರುತ್ತಾಳೆ. ಅವಳ ಹೆಸರು ಮೊದಲ ದಿನವೇ ಕೇಳಿದೆ. ಬಂದ ಕೂಡಲೇ ನೀರು ಕೊಡುತ್ತೇನೆ. ಯಾಕೆ ಇಷ್ಟು ಉಪಚಾರ ಅಂತ ಅವಳಿಗೆ ಅಚ್ಚರಿ.

ಇವತ್ತು ಗರಟೆಯ ಚಿಪ್ಪುಗಳನ್ನು ನೆಲದ ಮೇಲೆ ಸುರಿದು ಎಣಿಸಿದೆ. ನಲವತ್ತೊಂಬತ್ತು. ಗರಟೆಗೆ ಹಾಕಿ ಮತ್ತೆ ತೆಗೆದೆ. ನಲವತ್ತೊಂಬತ್ತೇ. ಪೆಟ್ಟಿಗೆಯ ಹಿಂದೆ, ಕಂಬಳಿಯ ಕೆಳಗೆ ಎಲ್ಲ ಹುಡುಕಿದೆ, ಆ ಒಂದು ಚಿಪ್ಪು ಸಿಗಲಿಲ್ಲ. ಆಮೇಲೆ ಒಂದು ತಂಬಿಗೆ ನೀರು ತುಂಬಿಕೊಂಡು ಹೋಗಿ, ಗೇಟಿನ ಚಿಲಕ ತೆಗೆದು, ಹೊರಗೆ ಅವಳು ಕೂರುತ್ತಿದ್ದ ಕಲ್ಲಿನ ಮೇಲೆ ಇಟ್ಟು ಬಂದೆ. ಇವತ್ತು ಸೋಮವಾರ. ನಮ್ಮ ಓಣಿಗೆ ಮೀನಿನವರು ಯಾರೂ ಬರುವುದಿಲ್ಲ.